ಕೋಳಿ ಬಿಟ್ಟು ಮೇಯಿಸೋದಾ, ಕೂಡಿ ಹಾಕೋದಾ? ಮೊದ್ಲು ಗೂಡಿನ ಸಂದು ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮನೇಲಿ 15 ಹೇಂಟೆ, 1 ಹುಂಜ ಇತ್ತು. ಬೆಳಗ್ಗೆ 6 ಗಂಟೆಗೆ ಬಿಟ್ರೆ ದಿನವಿಡೀ ಮೇಯ್ಕೊಂಡಿದ್ದು ಕತ್ತಲಾಗೋ ಹೊತ್ತಿಗೆ ತಾವೇ ಗೂಡು ಸೇರ್ಕೊಳ್ತಿದ್ವು, ಆಮೇಲೆ ಹೋಗಿ ಚಿಲಕ ಹಾಕ್ತಿದ್ದೆ. ಒಂದೂವರೆ ತಿಂಗಳಲ್ಲಿ 5 ಕೋಳಿ ಹೋಗಿದೆ. ಮೊದಲ ಎರಡು ಹಗಲಲ್ಲೇ ಮಾಯ, ಒಂದು ಪುಕ್ಕನೂ ಸಿಗ್ಲಿಲ್ಲ. ಆಮೇಲೆ ಒಂದರದ್ದು ಬೇಲಿ ಹತ್ರ ಪುಕ್ಕದ ರಾಶಿ ಮಾತ್ರ ಸಿಕ್ತು. ಹೋದ ವಾರ ಬೆಳಗ್ಗೆ ಬಾಗ್ಲು ತೆಗೆದ್ರೆ ಗೂಡಲ್ಲೇ ಎರಡು ಸತ್ತು ಬಿದ್ದಿದ್ವು, ಕತ್ತಿಗೆ ಕಚ್ಚಿದೆ ಆದ್ರೆ ತಿಂದಿಲ್ಲ, ಬದುಕಿರೋ ಇನ್ನೊಂದರ ಬೆನ್ನಲ್ಲಿ ದೊಡ್ಡ ಗಾಯ. ಬಾಗ್ಲು ಹಾಕೇ ಇತ್ತು, ಜಾಲರಿ ಎಲ್ಲೂ ಹರಿದಿಲ್ಲ. ನಮ್ಮ ಯಜಮಾನ್ರು ಇನ್ಮೇಲೆ ಪೂರ್ತಿ ಕೂಡಿ ಹಾಕು ಅಂತಾರೆ, ನಂಗೆ ಅದು ಜೈಲಿಗೆ ಹಾಕಿದಂಗೆ ಅನ್ಸುತ್ತೆ. ಒಬ್ರು ಹಳೇ ಸಿಡಿ ಕಟ್ಟಿ ಅಂದ್ರು, ಕಟ್ಟಿದೀವಿ. ಇನ್ನೊಬ್ರು ಇನ್ನೊಂದು ಹುಂಜ ತನ್ನಿ ಅಂದ್ರು, ಮತ್ತೊಬ್ರು ವಿಷ ಇಡಿ ಅಂದ್ರು. ಏನು ಮಾಡ್ಲಿ? ಗಾಯ ಆಗಿರೋ ಕೋಳಿ ಉಳಿಯುತ್ತಾ?

ಉತ್ತರ: ಮೇಡಂ, ಗಾಯದ ಕೋಳಿ ವಿಷಯ ಕೊನೇಲಿ ಬರೀತೀನಿ, ಅರ್ಜೆಂಟ್ ಇದ್ರೆ ನೇರ ಅಲ್ಲಿಗೇ ಹೋಗಿ ಓದ್ಕೊಳ್ಳಿ.

ನಿಮ್ಮ ಪತ್ರದಲ್ಲಿ ನಂಗೆ ಮೊದಲು ಕಣ್ಣಿಗೆ ಬಿದ್ದಿದ್ದು ಏನಂದ್ರೆ, ಸತ್ತ ಐದರಲ್ಲಿ ಎರಡು ಕೂಡಿ ಹಾಕಿದ್ದಾಗಲೇ ಸತ್ತಿವೆ. ಬಾಗ್ಲು ಹಾಕಿ ಚಿಲಕ ಜಡಿದ ಗೂಡಲ್ಲಿ. ಯಜಮಾನ್ರ ಮಾತು ಕೇಳಿ ನಾಳೆಯಿಂದ ಇಡೀ ದಿನ ಇದೇ ಗೂಡಲ್ಲಿ ಕೂಡಿ ಹಾಕಿದ್ರೆ, ಬಂದವರಿಗೆ ಊಟ ಬಡಿಸಿ ಬಾಗ್ಲು ಹಾಕ್ಕೊಂಡು ಬಂದ ಹಾಗಾಗುತ್ತೆ ಅಷ್ಟೇ. ಬಿಡೋದಾ ಕಟ್ಟೋದಾ ಅನ್ನೋ ಜಗಳ ಸ್ವಲ್ಪ ಪಕ್ಕಕ್ಕಿಡಿ, ಯಾವ ಕೋಳಿನ ಯಾವ ಹೊತ್ತಲ್ಲಿ ಯಾರು ತಗೊಂಡ್ರು ಅಂತ ನೋಡೋಣ, ಯಾಕಂದ್ರೆ ನೀವು ಬರೆದಿರೋ ಪ್ರಕಾರ ಇದು ಒಬ್ಬನ ಕೆಲಸ ಅಲ್ಲ.

ಮೊದಲ ಎರಡು, ಹಗಲಲ್ಲಿ ಪುಕ್ಕನೂ ಬೀಳದ ಹಾಗೆ ಹೋಗಿದ್ದು. ದೊಡ್ಡ ಕೋಳಿನ ಹಾಗೇ ಕಚ್ಕೊಂಡು ಹೊತ್ಕೊಂಡು ಹೋಗೋ ತಾಕತ್ತು ನರಿಗೆ ಇದೆ, ನಾಯಿಗೆ ಇದೆ. ಎಲ್ರೂ ನರಿ ಅಂತಾರೆ. ನನ್ನ ಅನುಭವ ಹೇಳ್ತೀನಿ, ಇಷ್ಟು ವರ್ಷದಲ್ಲಿ ನಾನು ಹೊಲಿಗೆ ಹಾಕಿರೋ ಕೋಳಿಗಳಲ್ಲಿ ಜಾಸ್ತಿ ಬಂದಿರೋದು ನಾಯಿ ಬಾಯಿಂದ, ಅದ್ರಲ್ಲೂ ಬೀದಿ ನಾಯಿಗಿಂತ ಪಕ್ಕದ ಮನೆಯ ಬೆಲ್ಟ್ ಹಾಕಿರೋ ನಾಯಿ, ಕೆಲವೊಂದು ಸಲ ಸ್ವಂತ ಮನೆಯದ್ದೇ. ಇನ್ನೊಂದು ಸಾಧ್ಯತೆ ಜನ ಮರೆತೇಬಿಡ್ತಾರೆ, ಕೋಳಿ ಎಲ್ಲೋ ಪೊದೆ ಒಳಗೆ ಕದ್ದು ಮೊಟ್ಟೆ ಇಟ್ಟು ಕಾವಿಗೆ ಕೂತಿರಬಹುದು. ಸತ್ತೋಯ್ತು ಅಂತ ಅತ್ತ ಮನೆಗೆ ಮೂರು ವಾರ ಬಿಟ್ಟು ಮರಿ ಕರ್ಕೊಂಡು ಬಂದಿರೋ ಕೋಳಿಗಳನ್ನ ನಾನೇ ನೋಡಿದೀನಿ. ಆದ್ರೆ ಕಾವಿನ ಅವಧಿ 21 ದಿನ, ನಿಮ್ಮದು ಅದನ್ನ ಯಾವಾಗ್ಲೋ ದಾಟಿದೆ ಅನ್ಸುತ್ತೆ, ಹಾಗಾಗಿ ತುಂಬಾ ಆಸೆ ಇಟ್ಕೋಬೇಡಿ.

ಮೂರನೇದು ಪುಕ್ಕದ ರಾಶಿ. ಅದು ಇನ್ನೂ ಅಲ್ಲೇ ಬಿದ್ದಿದ್ರೆ ಹೋಗಿ ನಾಲ್ಕೈದು ದೊಡ್ಡ ರೆಕ್ಕೆ ಗರಿ ಕೈಗೆ ತಗೊಂಡು ಬುಡ ನೋಡಿ. ಗರಿಯ ದಂಟು ತುದಿವರೆಗೂ ನುಣ್ಣಗೆ ಪೂರ್ತಿ ಇದ್ಯಾ, ಅಂದ್ರೆ ಯಾರೋ ಕೂತು ಒಂದೊಂದಾಗಿ ಕಿತ್ತಿದ್ದಾರೆ, ಗಿಡುಗದ ಜಾತಿಯ ಹಕ್ಕಿಗಳು ಹಾಗೆ ಮಾಡೋದು, ಕಾಲಡಿ ಒತ್ತಿ ಹಿಡ್ಕೊಂಡು ಕೊಕ್ಕಲ್ಲಿ ಕಿತ್ತು ಸುತ್ತ ಎಸೀತವೆ, ರಾಶಿ ಒಂದೇ ಕಡೆ ದುಂಡಗೆ ಇರುತ್ತೆ. ದಂಟು ಮುರಿದು ಜಜ್ಜಿ ಹೋಗಿದ್ರೆ, ಪುಕ್ಕ ಎಲ್ಲಾ ಎಂಜಲಿಗೆ ಅಂಟ್ಕೊಂಡು ಮುದ್ದೆ ಆಗಿದ್ರೆ ಅದು ಹಲ್ಲಿನ ಕೆಲಸ, ನಾಯಿ, ನರಿ, ಕಾಡುಬೆಕ್ಕು ಈ ಪೈಕಿ. ಇದೊಂದು ಗೊತ್ತಾದ್ರೆ ಮೇಲಿಂದ ಬರೋದಕ್ಕೆ ಕಟ್ಬೇಕಾ, ಕೆಳಗಿಂದ ಬರೋದಕ್ಕೆ ಕಟ್ಬೇಕಾ ಅನ್ನೋದು ತೀರ್ಮಾನ ಆಯ್ತು.

ಇನ್ನು ಗೂಡಿನ ಒಳಗಿನ ಎರಡು. ಇದಕ್ಕೆ ಎಲ್ರೂ ಮುಂಗುಸಿ ಹೆಸರು ಹೇಳ್ತಾರೆ. ಮುಂಗುಸಿ ಕೋಳಿ ಕದಿಯುತ್ತೆ ನಿಜ, ಆದ್ರೆ ಅದು ಹಗಲಲ್ಲಿ ಓಡಾಡೋ ಪ್ರಾಣಿ, ರಾತ್ರಿ ಬಿಲದಲ್ಲಿ ಮಲಗಿರುತ್ತೆ. ನೀವು ಬಾಗ್ಲು ತೆಗೆದಾಗ ಸತ್ತ ಕೋಳಿ ಹೇಗಿತ್ತು ಸ್ವಲ್ಪ ನೆನಪು ಮಾಡ್ಕೊಳ್ಳಿ. ಮೈ ಬೆಚ್ಚಗೆ ಇದ್ದು ಎತ್ತಿದಾಗ ಕತ್ತು ಓಲಾಡ್ತಿದ್ರೆ ಬೆಳಕು ಹರಿಯೋ ಹೊತ್ತಲ್ಲಿ ಆಗಿರೋದು, ಮುಂಗುಸಿ ಮೇಲೆ ಅನುಮಾನ ಪಡಬಹುದು. ಕಾಲು ಕಡ್ಡಿ ಥರ ಸೆಟೆದುಕೊಂಡು ಮೈ ತಣ್ಣಗಾಗಿದ್ರೆ ರಾತ್ರಿಯೇ ಮುಗಿದಿದೆ, ಆಗ ಪುನುಗು ಬೆಕ್ಕು, ಕಾಡುಬೆಕ್ಕು, ಕೆಲವು ಕಡೆ ವೀಸೆಲ್ ಅನ್ನೋ ಸಣಕಲು ಪ್ರಾಣಿ, ಇಂಥವು. ಹೆಗ್ಗಣ ಸಾಮಾನ್ಯವಾಗಿ ಮರಿಗೂ ಮೊಟ್ಟೆಗೂ ಕೈ ಹಾಕುತ್ತೆ, ದೊಡ್ಡ ಕೋಳಿ ತಂಟೆಗೆ ಬರೋದು ಕಡಿಮೆ. ಹಾವು ಆಗಿದ್ರೆ ಕಚ್ಚಿ ಬಿಟ್ಟು ಹೋಗಿರೋ ಗಾಯ ಹೀಗೆ ಹರಿದ ಹಾಗೆ ಇರಲ್ಲ, ಮೊಟ್ಟೆ, ಮರಿ ನುಂಗೋ ಹಾವು ಸಿಪ್ಪೆನೂ ಬಿಡದೆ ಹೋಗುತ್ತೆ.

ಯಾರು ಅಂತ ಪಕ್ಕಾ ಗೊತ್ತಾಗ್ಬೇಕಂದ್ರೆ ಇವತ್ತು ರಾತ್ರಿ ಗೂಡಿನ ಸುತ್ತ ಒಂದೆರಡು ಅಡಿ ಅಗಲಕ್ಕೆ ಬೂದಿನೋ ನುಣುಪು ಮರಳೋ ಹರಡಿ. ಬೆಳಗ್ಗೆ ಹೆಜ್ಜೆ ನೋಡಿ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ ಇದ್ರೆ ನಾಯಿ ಅಥವಾ ನರಿ. ನಾಲ್ಕು ಬೆರಳು, ದುಂಡಗೆ, ಉಗುರೇ ಕಾಣಲ್ಲ ಅಂದ್ರೆ ಬೆಕ್ಕಿನ ಜಾತಿ, ಯಾಕಂದ್ರೆ ನಡೆಯೋವಾಗ ಅವು ಉಗುರು ಒಳಗೆ ಎಳ್ಕೊಂಡಿರ್ತವೆ. ಬಂದ ಪ್ರಾಣಿ ಮತ್ತೆ ಬರುತ್ತೆ, ಸುಲಭವಾಗಿ ಊಟ ಸಿಕ್ಕಿದ ಜಾಗ ಯಾರು ಮರೀತಾರೆ, ನಾವೇ ಮರೆಯಲ್ಲ.

ತಿನ್ನದೇ ಯಾಕೆ ಸಾಯಿಸ್ತು ಅಂತ ನೀವು ಕೇಳಿಲ್ಲ, ಆದ್ರೆ ಎಲ್ರಿಗೂ ಇದೇ ಹೊಟ್ಟೆ ಉರಿ. ರುಚಿಗೆ, ಸೇಡಿಗೆ, ರಕ್ತ ಕುಡಿಯೋಕೆ ಅಂತೆಲ್ಲಾ ಕತೆ ಕಟ್ತಾರೆ. ಹಾನ್ಸ್ ಕ್ರೂಕ್ ಅಂತ ಒಬ್ರು ಪ್ರಾಣಿ ವಿಜ್ಞಾನಿ 1972ರಲ್ಲೇ ಇದ್ರ ಬಗ್ಗೆ ಬರೆದಿದಾರೆ, ಗಾಢ ಕತ್ತಲ ರಾತ್ರಿ ನರಿಗಳು ನೆಲದ ಮೇಲೆ ಕೂತಿದ್ದ ಕಡಲಹಕ್ಕಿಗಳನ್ನ ಒಂದಾದ ಮೇಲೊಂದು ಕೊಂದು ಅಲ್ಲೇ ಬಿಟ್ಟು ಹೋಗಿದ್ದನ್ನ. ಬಯಲಲ್ಲಿ ಒಂದನ್ನ ಹಿಡಿಯೋ ಹೊತ್ತಿಗೆ ಉಳಿದವು ಹಾರಿ ಹೋಗ್ತವೆ, ಬೇಟೆ ಅಲ್ಲಿಗೆ ಮುಗೀತು. ಉಳಿದವು ಹೋಗದೇ ಕಣ್ಣೆದುರಿಗೇ ಪಟಪಟ ರೆಕ್ಕೆ ಬಡೀತಾ ಇದ್ರೆ ಪ್ರಾಣಿಗೆ ಹಿಡಿಯೋ ಸ್ವಿಚ್ ಆಫ್ ಆಗಲ್ಲ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣಲ್ಲ, ಅಡ್ಡಕೋಲಿನ ಮೇಲೆ ಮುದುಡಿ ಕೂತಲ್ಲೇ ಕೂತಿರುತ್ತೆ, ಎದ್ರೂ ಗೋಡೆಗೆ ಹೋಗಿ ಗುದ್ದುತ್ತೆ. ಅದರ ಮೂಲ ಪೂರ್ವಜ ಕೆಂಪು ಕಾಡುಕೋಳಿ ಇವತ್ತಿಗೂ ರಾತ್ರಿ ಮರದ ಮೇಲೆ ಮಲಗುತ್ತೆ, ಮರ ಏರೋಕೆ ಆಗದ ಶತ್ರುವಿನಿಂದ ಅಷ್ಟರಮಟ್ಟಿಗೆ ಬಚಾವ್. ನಾವು ಆ ಮರ ಬಿಡಿಸಿ ನೆಲದ ಮೇಲಿನ ಡಬ್ಬಕ್ಕೆ ತಂದು ಹಾಕಿದೀವಿ. ಹಾಗಾಗಿ ಆ ಡಬ್ಬಕ್ಕೆ ಸಂದು ಇದ್ರೆ ಅದರ ಹೊಣೆ ನಮ್ಮದೇ, ಪ್ರಾಣಿನ ಬೈದು ಉಪಯೋಗ ಇಲ್ಲ.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗೇ ಹೇಳ್ತೀನಿ. ಹಗಲಲ್ಲಿ ಬಿಟ್ಟು ಮೇಯಿಸೋವಾಗ ಆಗೊಮ್ಮೆ ಈಗೊಮ್ಮೆ ಒಂದು ಹೋದ್ರೆ ಅದು ಆ ಪದ್ಧತಿಯಲ್ಲೇ ಇರೋ ಖರ್ಚು, ವರ್ಷಕ್ಕೆ ಎಷ್ಟು ತಡ್ಕೊಳ್ಳೋಕೆ ಆಗುತ್ತೆ ಅಂತ ಮನೆಯವರು ಕೂತು ಮೊದಲೇ ಮಾತಾಡ್ಕೋಬೇಕು. ರಾತ್ರಿ ಗೂಡಲ್ಲಿ ಹೋಗೋದು ಆ ಲೆಕ್ಕಕ್ಕೆ ಬರಲ್ಲ, ಅದು ಸೊನ್ನೆ ಆಗಿರ್ಬೇಕು, ಆಗಿಸೋಕೂ ಸಾಧ್ಯ.

ಹೇಗೆ ಅಂದ್ರೆ, ಮಧ್ಯಾಹ್ನ ಬಿಸಿಲು ಚೆನ್ನಾಗಿರೋವಾಗ ನೀವೇ ಗೂಡಿನ ಒಳಗೆ ಕೂತು ಯಾರಿಗಾದ್ರೂ ಹೊರಗಿಂದ ಬಾಗ್ಲು ಹಾಕೋಕೆ ಹೇಳಿ. ಎಲ್ಲೆಲ್ಲಿ ಬೆಳಕು ತೂರಿ ಬರ್ತಿದೆ ನೋಡಿ. ಸೂರಿನ ಕೆಳಗೆ ಶೀಟು ಗೋಡೆಗೆ ತಾಗೋ ಕಡೆ ಅಲೆಅಲೆಯಾಗಿ ಸಂದು ಇರುತ್ತೆ, ಬಾಗಿಲ ಕೆಳಗೆ ನೆಲ ಸವೆದು ಗುಂಡಿ ಬಿದ್ದಿರುತ್ತೆ, ಮೊಟ್ಟೆ ಡಬ್ಬದ ಮುಚ್ಚಳ ಎತ್ತಿದ್ರೆ ಎದ್ದು ಬರುತ್ತೆ. ಜಾಲರಿ ಹರಿದಿಲ್ಲ ಅಂದ್ರಲ್ಲ, ಹರಿಯೋ ಅವಶ್ಯಕತೆನೇ ಬಂದಿರಲ್ಲ. ಒಂದು ಇಂಚಿಗಿಂತ ದೊಡ್ಡ ಸಂದು ಎಲ್ಲಿದ್ರೂ ಮುಚ್ಚಿ. ಆರು ಮೂಲೆಯ ಕಣ್ಣಿರೋ ತೆಳು ತಂತಿ ಬಲೆ, ಕೋಳಿ ಬಲೆ ಅಂತಲೇ ಮಾರ್ತಾರಲ್ಲ, ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯೋಕೆ ಸರಿ, ನಾಯಿ ಒಳಗೆ ಬರದ ಹಾಗೆ ತಡೆಯೋಕಲ್ಲ, ನಾಯಿ ಹಲ್ಲಲ್ಲಿ ಕಚ್ಚಿ ಎಳೆದ್ರೆ ಬಿಚ್ಕೊಂಡು ಬರುತ್ತೆ. ಅರ್ಧ ಇಂಚು ಚೌಕದ ವೆಲ್ಡ್ ಮೆಶ್, ಅಂದ್ರೆ ಬೆಸುಗೆ ಹಾಕಿರೋ ಗಟ್ಟಿ ತಂತಿ ಜಾಲರಿ ಹಾಕಿ, ಮೊಳೆ ಬಗ್ಗಿಸಿ ಸಿಗಿಸೋದಲ್ಲ, ಮೇಲೆ ರೀಪರ್ ಪಟ್ಟಿ ಇಟ್ಟು ಸ್ಕ್ರೂ ಹಾಕಿ ಬಿಗೀರಿ. ಕೆಳಗೆ ತೋಡಿ ಬರೋದಕ್ಕೆ, ಅದೇ ಮೆಶ್ಶನ್ನ ಗೋಡೆ ಬುಡದಿಂದ ಹೊರಗಡೆಗೆ ಒಂದೂವರೆ ಅಡಿ ನೆಲದ ಮೇಲೆ ಹಾಸಿ ಮೇಲೆ ಮಣ್ಣು ಎಳೆದುಬಿಡಿ, ಪ್ರಾಣಿ ಗೋಡೆ ಬುಡಕ್ಕೇ ಬಂದು ಕೆರೆಯೋದು, ಕೆರೆದ್ರೆ ತಂತಿ ಸಿಗುತ್ತೆ, ಹಿಂದೆ ಸರಿದು ತೋಡ್ಬೇಕು ಅಂತ ಅದಕ್ಕೆ ಹೊಳೆಯೋದು ಕಡಿಮೆ. ಚಿಲಕ ಎರಡು ಇರ್ಲಿ, ಒಂದು ಎತ್ತಿ ತಿರುಗಿಸೋ ಥರದ್ದು. ಸುಮ್ನೆ ಸಿಗಿಸೋ ಕೊಕ್ಕೆ ನಂಬಬೇಡಿ.

ಹೊತ್ತಿನ ವಿಷಯಕ್ಕೆ ಬರೋಣ, ನಿಮ್ಮ ರೂಢಿಯಲ್ಲಿ ನಂಗೆ ಕಂಡ ದೊಡ್ಡ ತಪ್ಪು ಇದೇ. ಬೆಳಗ್ಗೆ 6ಕ್ಕೆ ಬಿಡ್ತೀರಿ, ಕತ್ತಲಾದ ಮೇಲೆ ಚಿಲಕ ಹಾಕ್ತೀರಿ. ನರಿ, ಕಾಡುಬೆಕ್ಕು, ಅಲೆಯೋ ನಾಯಿ ಎಲ್ಲಾ ಚುರುಕಾಗಿರೋದೇ ಆ ಎರಡು ಸಂಧಿ ಹೊತ್ತಲ್ಲಿ. ಅದ್ರ ಬದಲು 9-10 ಗಂಟೆಗೆ ಬಿಡಿ. ಹೆಚ್ಚಿನ ಕೋಳಿ ಬೆಳಗಿನ ಹೊತ್ತಲ್ಲೇ ಮೊಟ್ಟೆ ಇಡೋದ್ರಿಂದ ಮೊಟ್ಟೆನೂ ಗೂಡಲ್ಲೇ ಸಿಗುತ್ತೆ, ಪೊದೆ ಹುಡುಕೋ ಕೆಲಸ ತಪ್ಪುತ್ತೆ, ಕದ್ದು ಕಾವಿಗೆ ಕೂರೋದೂ ಕಡಿಮೆ ಆಗುತ್ತೆ. ಸಾಯಂಕಾಲ ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ ಕಾಳಿನ ಡಬ್ಬ ಅಲ್ಲಾಡಿಸಿ ಕರೀರಿ, ಒಂದು ವಾರ ಅದೇ ಸದ್ದು ಅದೇ ಹೊತ್ತು ಮಾಡಿದ್ರೆ ಓಡಿ ಬರ್ತವೆ. ಬಂದ ಮೇಲೆ ಎಣಿಸಿ. ಎಣಿಸದೇ ಚಿಲಕ ಹಾಕೋ ಮನೆಗಳಲ್ಲಿ ಯಾವ ಕೋಳಿ ಯಾವ ದಿನ ಹೋಯ್ತು ಅನ್ನೋದೇ ಗೊತ್ತಿರಲ್ಲ, ಆಮೇಲೆ ಅನುಮಾನ ಎಲ್ಲಾ ಪಕ್ಕದ ಮನೆಯವರ ಮೇಲೆ. ಟೈಮರ್ ಇಟ್ಟ ಆಟೊಮ್ಯಾಟಿಕ್ ಬಾಗಿಲು ಬಂದಿದೆ, ಒಳ್ಳೇದೇ, ಆದ್ರೆ ಅದಕ್ಕೆ ಎಣಿಸೋಕೆ ಬರಲ್ಲ, ತಡವಾಗಿ ಬಂದ ಒಂದು ಕೋಳಿ ಹೊರಗೇ ಉಳಿದ್ರೂ ಗೊತ್ತಾಗಲ್ಲ.

ಈಗ ನಿಮಗೆ ಬಂದಿರೋ ಸಲಹೆಗಳು. ಸಿಡಿ, ಪ್ಲಾಸ್ಟಿಕ್ ಗೂಬೆ, ಬೆದರುಬೊಂಬೆ ಎಲ್ಲಾ ಮೊದಲ ಕೆಲವು ದಿನ ಕೆಲಸ ಮಾಡ್ತವೆ, ಹೊಸದು ಅಂತ ಹಕ್ಕಿ ಹೆದರುತ್ತೆ, ಆಮೇಲೆ ಅದರ ಮೇಲೇ ಬಂದು ಕೂರುತ್ತೆ. ಜಾಗ ಬದಲಾಯಿಸ್ತಾ ಇದ್ರೆ ಸ್ವಲ್ಪ ಜಾಸ್ತಿ ದಿನ ಬರುತ್ತೆ. ನೆಲದ ಮೇಲೆ ಬರೋ ಪ್ರಾಣಿಗೆ ಸಿಡಿ ಲೆಕ್ಕಕ್ಕೇ ಇಲ್ಲ.

ಹುಂಜದ್ದು ಅರ್ಧ ನಿಜ. ಅದನ್ನ ನೀವೇ ಅರ್ಧ ಗಂಟೆ ಕೂತು ನೋಡಿ, ಹೇಂಟೆಗಳು ತಲೆ ತಗ್ಗಿಸಿ ಕೆದರ್ತಾ ಇದ್ರೆ ಹುಂಜ ಆಗಾಗ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತೆ. ಮೇಲೆ ಗಿಡುಗ ಕಂಡ್ರೆ ತೆಳ್ಳಗೆ ಎಳೆದ ಒಂದು ಕೂಗು, ನೆಲದಲ್ಲಿ ನಾಯಿನೋ ಬೆಕ್ಕೋ ಕಂಡ್ರೆ ಕೊಕ್ ಕೊಕ್ ಕೊಕ್ ಅಂತ ಬಿಟ್ಟು ಬಿಟ್ಟು ಗಲಾಟೆ. ಕ್ರಿಸ್ಟೋಫರ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತವರ ಜೊತೆಗಾರರು 1993ರಲ್ಲಿ ಈ ಎರಡು ಕೂಗನ್ನ ರೆಕಾರ್ಡ್ ಮಾಡಿ ಶತ್ರು ಯಾರೂ ಇಲ್ಲದಾಗ ಹೇಂಟೆಗಳಿಗೆ ಕೇಳಿಸಿದ್ರು, ಮೊದಲನೇ ಕೂಗಿಗೆ ಅವು ಮರೆಗೆ ಓಡಿ ಮೇಲೆ ನೋಡಿದ್ವು, ಎರಡನೇದಕ್ಕೆ ನೆಟ್ಟಗೆ ನಿಂತು ಸುತ್ತಮುತ್ತ ನೋಡಿದ್ವು. ಅಂದ್ರೆ ಹುಂಜ ಕಾವಲುಗಾರ, ಒಳ್ಳೇ ಕಾವಲುಗಾರ, ಆದ್ರೆ ಸೈನಿಕ ಅಲ್ಲ. ನಾಯಿ ಎದುರು ನಿಂತ್ರೆ ಮೊದಲು ಸಾಯೋದು ಅದೇ. ಉಳಿದಿರೋ 10 ಹೇಂಟೆಗೆ ಒಂದು ಹುಂಜ ಸಾಕು, ಇನ್ನೊಂದು ತಂದ್ರೆ ಎರಡೂ ಜಗಳ ಆಡ್ಕೊಂಡು ಹೇಂಟೆಗಳ ಬೆನ್ನಿನ ಪುಕ್ಕ ಎಲ್ಲಾ ಕಿತ್ತು ಹಾಕ್ತವೆ. ಮತ್ತೆ ಒಂದು ಮಾತು, ಕೂಗು ಕೇಳಿ ಓಡೋಕೆ ಜಾಗ ಬೇಕಲ್ಲ, ನಿಮ್ಮ ಅಂಗಳ ಬಟಾಬಯಲಾಗಿದ್ರೆ ಹುಂಜ ಕೂಗಿ ಏನು ಬಂತು. ಹತ್ತು ಹದಿನೈದು ಹೆಜ್ಜೆಗೊಂದು ಪೊದೆನೋ, ಕಾಲು ಗಿಡ್ಡ ಇರೋ ಹಳೇ ಮೇಜೋ, ಎರಡು ಇಟ್ಟಿಗೆ ಮೇಲೆ ಅಡ್ಡ ಹಲಗೆಯೋ ಇರ್ಲಿ. ಗಿಡುಗಕ್ಕೆ ಇದಕ್ಕಿಂತ ಒಳ್ಳೇ ಮದ್ದು ನಂಗೆ ಗೊತ್ತಿಲ್ಲ.

ವಿಷ ಮಾತ್ರ ಬೇಡ. ಬೇಡ ಅಂದ್ರೆ ಬೇಡ. ಇಟ್ಟ ವಿಷ ನೀವು ಅಂದ್ಕೊಂಡವರೇ ತಿನ್ನಲ್ಲ, ನಾಯಿ ತಿನ್ನುತ್ತೆ, ಕೋಳಿನೇ ಕುಕ್ಕುತ್ತೆ, ವಿಷ ತಿಂದ ಇಲಿನ ಗೂಬೆ ತಿಂದು ಗೂಬೆ ಸಾಯುತ್ತೆ, ಆಮೇಲೆ ಇಲಿ ಹಿಡಿಯೋರೇ ಇರಲ್ಲ. ಇಂಥ ಪ್ರಾಣಿಗಳಲ್ಲಿ ಬಹಳಷ್ಟಕ್ಕೆ ಕಾನೂನಿನ ರಕ್ಷಣೆ ಬೇರೆ ಇರುತ್ತೆ. ಎಲ್ಲಕ್ಕಿಂತ ಮುಖ್ಯ, ಒಂದನ್ನ ಸಾಯಿಸಿದ್ರೆ ಖಾಲಿ ಆದ ಜಾಗಕ್ಕೆ ಇನ್ನೊಂದು ಬರುತ್ತೆ, ನಿಮ್ಮ ಗೂಡಿನ ಸಂದು ಹಾಗೇ ಇರುತ್ತೆ.

ಪೂರ್ತಿ ಕೂಡಿ ಹಾಕೋದ್ರಲ್ಲಿ ತಪ್ಪೇನು ಅಂತ ಯಜಮಾನ್ರು ಕೇಳಬಹುದು, ಅವರ ಮಾತಲ್ಲೂ ಅರ್ಥ ಇದೆ. ಗಟ್ಟಿ ಗೂಡಿನ ಜೊತೆ ಮೇಲೆ ಬಲೆ ಹಾಕಿದ ಒಂದು ಅಂಗಳ, ತಲೆಗೆ 10 ಚದರಡಿ ಆದ್ರೂ ಸಿಗೋ ಹಾಗೆ ಕಟ್ಟಿದ್ರೆ ಅದು ಜೈಲಲ್ಲ. ಹಕ್ಕಿಜ್ವರ ಸುತ್ತಮುತ್ತ ಬಂದಾಗ ಕೋಳಿನ ಹೊರಗೆ ಬಿಡಬೇಡಿ ಅಂತ ಆದೇಶ ಬರುತ್ತೆ, ಆಗಂತೂ ಇದು ಬೇಕೇ ಬೇಕು. ಆದ್ರೆ ಬಿಟ್ಟು ಅಭ್ಯಾಸ ಆದ ಕೋಳಿನ ಇಕ್ಕಟ್ಟಿನಲ್ಲಿ ಹಾಕಿದ್ರೆ ಕೆದರೋಕೆ ಇಲ್ಲ, ಧೂಳಲ್ಲಿ ಹೊರಳೋಕೆ ಇಲ್ಲ, ಬೇಜಾರಿಗೆ ಒಂದರ ಪುಕ್ಕ ಒಂದು ಕೀಳೋಕೆ ಶುರು ಮಾಡ್ತವೆ, ರಕ್ತ ಕಂಡ್ರೆ ಎಲ್ಲಾ ಸೇರಿ ಅಲ್ಲೇ ಕುಕ್ಕಿ ಕೊಂದೇ ಬಿಡ್ತವೆ. ಆಗ ನರಿ ಹೊರಗಿಂದ ಬರೋದೇ ಬೇಡ. ನೆಲ ಒದ್ದೆ ಆಗಿ ಹಿಕ್ಕೆ ಸೇರಿ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ, ಜಂತುಹುಳ ಜೋರಾಗುತ್ತೆ. ಮೇವಿನ ಖರ್ಚೂ ಏರುತ್ತೆ, ಮೊಟ್ಟೆ ಇಡೋ ಕೋಳಿ ದಿನಕ್ಕೆ ಸುಮಾರು 110-120 ಗ್ರಾಂ ತಿನ್ನುತ್ತೆ, ಹೊರಗೆ ಹುಳ ಸೊಪ್ಪು ಸಿಕ್ಕಾಗ ಅದ್ರಲ್ಲಿ ಸ್ವಲ್ಪ ಉಳೀತಿತ್ತು, ಇನ್ಮೇಲೆ ಅಷ್ಟೂ ನೀವೇ ಹಾಕ್ಬೇಕು. ಕೂಡಿ ಹಾಕೋದಾದ್ರೆ ಒಣಗಿದ ಎಲೆ ಹೊಟ್ಟು ದಪ್ಪಗೆ ಹಾಸಿ ಅದ್ರಲ್ಲೇ ಕಾಳು ಎರಚಿ, ದಿನವಿಡೀ ಕೆದರ್ಕೊಂಡಿರ್ತವೆ.

ಮಧ್ಯದ ದಾರಿಗಳೂ ಇವೆ. ಕರೆಂಟ್ ಹಾಯಿಸೋ ಬಲೆ ಬೇಲಿ ನಾಯಿ ನರಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ಹುಲ್ಲು ಬೆಳೆದು ತಂತಿಗೆ ತಾಗಿದ್ರೆ ಶಕ್ತಿ ನೆಲಕ್ಕೆ ಇಳಿದುಹೋಗುತ್ತೆ, ನೆಲ ತೀರಾ ಒಣಗಿದ್ರೂ ಶಾಕ್ ಸರಿಯಾಗಿ ಹೊಡೆಯಲ್ಲ, ಗಿಡುಗಕ್ಕಂತೂ ಸಂಬಂಧವೇ ಇಲ್ಲ, ಮತ್ತೆ ಅದಕ್ಕೇ ಅಂತ ಬರೋ ಮಶೀನ್ ಹಾಕ್ಬೇಕು, ಮನೆ ಕರೆಂಟ್ ನೇರ ಕೊಡೋದು ಕೊಲೆಗೆ ಸಮ. ಚಕ್ರ ಇರೋ ತಳವಿಲ್ಲದ ಗೂಡು ಹಗಲಿಗೆ ಒಳ್ಳೇದು, ದಿನಾ ಜಾಗ ಬದಲಾಯಿಸಿದ್ರೆ ಹೊಸ ಹುಲ್ಲು ಸಿಗುತ್ತೆ, ರಾತ್ರಿ ಮಾತ್ರ ಅದ್ರಲ್ಲಿ ಬಿಡಬೇಡಿ. ಕಾವಲು ನಾಯಿ ಸಾಕೋ ಯೋಚನೆ ಇದ್ರೆ ನಂಬಿ ಬಿಡೋ ಹೊತ್ತಿಗೆ ಒಂದೂವರೆ ಎರಡು ವರ್ಷ ಆಗುತ್ತೆ, ಅಲ್ಲಿವರೆಗೆ ಮರಿನಾಯಿ ಆಟಕ್ಕೇ ಕೋಳಿ ಸಾಯಿಸಬಹುದು.

ನಿಮ್ಮ ಜಾಗದಲ್ಲಿ ನಾನಿದ್ರೆ, ಈ ಎರಡು ವಾರ ಹೊರಗೆ ಬಿಡ್ತಾನೇ ಇರ್ಲಿಲ್ಲ. ಅಷ್ಟರಲ್ಲಿ ಗೂಡಿನ ಸಂದು, ಮೆಶ್, ಚಿಲಕ ಮುಗಿಸ್ತಿದ್ದೆ. ಊಟ ಸಿಗದೆ ಎರಡು ವಾರ ಸುತ್ತಿದ ಪ್ರಾಣಿ ಬರೋದು ಕಡಿಮೆ ಮಾಡುತ್ತೆ. ಆಮೇಲೆ 10ರಿಂದ 4ರವರೆಗೆ, ಮನೇಲಿ ಜನ ಓಡಾಡ್ತಿರೋ ದಿನ ಮಾತ್ರ ಬಿಡ್ತಿದ್ದೆ. ಎರಡು ತಿಂಗಳಿನ ಒಳಗಿನ ಮರಿಗಳನ್ನ ಮೇಲೆ ಬಲೆ ಇಲ್ಲದ ಕಡೆ ಬಿಡ್ತಿರ್ಲಿಲ್ಲ. ರೆಕ್ಕೆಯ ಗರಿ ಕತ್ತರಿಸೋ ಅಭ್ಯಾಸ ಇದ್ರೆ ನಿಲ್ಲಿಸಿ, ನಾಯಿ ಬಂದಾಗ ಗೋಡೆ ಮೇಲೆ ಹಾರಿ ಕೂರೋಕೆ ಅದೊಂದೇ ಆಸರೆ. ಮುಂದೆ ಹೊಸ ಕೋಳಿ ತರೋದಾದ್ರೆ ಮೈ ಹಗುರ ಇರೋ, ಮಣ್ಣಿನ ಬಣ್ಣದ ಚುರುಕು ಜಾತಿ ನೋಡಿ. ಬಿಳಿ ಕೋಳಿ ಮೇಲಿಂದ ಎದ್ದು ಕಾಣುತ್ತೆ, ಬ್ರಾಯ್ಲರ್‌ಗೆ ಓಡೋಕೇ ಆಗಲ್ಲ, ಕಣ್ಣು ಮುಚ್ಚೋ ಹಾಗೆ ಜುಟ್ಟು ಇರೋದಕ್ಕೆ ಗಿಡುಗ ಬಂದಿದ್ದೂ ಕಾಣಲ್ಲ.

ಗಾಯದ ಕೋಳಿ: ಒಂದು ವಾರ ಬದುಕಿದೆ, ಮೇವು ತಿಂತಿದೆ ಅಂದ್ರೆ ಉಳಿಯೋ ಚಾನ್ಸ್ ಚೆನ್ನಾಗಿದೆ, ಕೋಳಿ ಚರ್ಮ ನೋಡೋಕೆ ಭಯ ಆಗೋ ಗಾಯಗಳಿಂದಲೂ ಚೇತರಿಸ್ಕೊಳ್ಳುತ್ತೆ. ಇವತ್ತೇ ಬೇರೆ ಮಾಡಿ, ಬೇರೆಯವು ಗಾಯ ಕುಕ್ಕದೇ ಬಿಡಲ್ಲ. ಮಂದ ಬೆಳಕಿನ ಬೆಚ್ಚಗಿನ ಜಾಗದಲ್ಲಿ ಇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ದಿನಕ್ಕೆರಡು ಸಲ ಗಾಯ ತೊಳೀರಿ, ಪೊವಿಡೋನ್ ಅಯೋಡಿನ್ ನೀರಿಗೆ ಹಾಕಿ ಟೀ ಬಣ್ಣಕ್ಕೆ ತೆಳು ಮಾಡಿ ಹಚ್ಚಿ. ಸುತ್ತಲಿನ ಪುಕ್ಕ ಸರಿಸಿ ಟಾರ್ಚ್ ಹಾಕಿ ಬೇರೆ ಹಲ್ಲಿನ ತೂತು ಇದ್ಯಾ ನೋಡಿ, ಮೇಲಿನ ದೊಡ್ಡ ಗಾಯಕ್ಕಿಂತ ರೆಕ್ಕೆ ಅಡಿಯ ಸಣ್ಣ ಆಳದ ತೂತೇ ಕೀವು ಕಟ್ಟಿ ಸಾಯಿಸೋದು. ನೊಣ ಕೂರೋಕೆ ಬಿಡಬೇಡಿ, ಒಂದೇ ದಿನದಲ್ಲಿ ಹುಳ ಆಗುತ್ತೆ. ವಾಸನೆ ಬಂದ್ರೆ, ಮೇವು ಬಿಟ್ರೆ, ಹುಳ ಕಂಡ್ರೆ ಹತ್ತಿರದ ಪಶುವೈದ್ಯರ ಹತ್ರ ತಗೊಂಡು ಹೋಗಿ, ಆಂಟಿಬಯೋಟಿಕ್ ನೀವೇ ತಂದು ಹಾಕಬೇಡಿ, ಅವರು ಕೊಟ್ರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳ್ಕೊಳ್ಳಿ. ಉಳಿದವು ಸ್ವಲ್ಪ ದಿನ ಮೊಟ್ಟೆ ಕಡಿಮೆ ಮಾಡಿದ್ರೆ ಗಾಬರಿ ಬೇಡ, ಹೆದರಿಕೆಗೆ ಹಾಗಾಗುತ್ತೆ. ಗಾಯದ ಮೇಲೆ ಹೊಸ ಪುಕ್ಕದ ಮೊಳಕೆ ಬಂದ ಮೇಲೆ ಎರಡು ಮೂರು ದಿನ ಜಾಲರಿ ಆಚೆ ಈಚೆ ಮುಖ ತೋರಿಸಿ, ಆಮೇಲೆ ಒಂದು ಸಂಜೆ ಕತ್ತಲಾದ ಮೇಲೆ ಮೆಲ್ಲಗೆ ಅಡ್ಡಕೋಲಿನ ಮೇಲೆ ಉಳಿದವುಗಳ ಪಕ್ಕ ಕೂರಿಸಿ ಬನ್ನಿ.